ಚಿಕ್ಕ ಕ್ಯಾಬಿನೆಟ್ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಡಿಭಾಗ ತರಿಸಿ ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಳ್ಳುವವರು ರಬಕವಿ-ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಜಮಖಂಡಿಯ ಕಡೆ ಈಗ ಕಡಿಮೆಯೇನಿಲ್ಲ. ಸೀರೆಯ ಡಿಸೈನ್ ಮಾಡುವವರು, ಫೋಟೊ ಸ್ಟುಡಿಯೊದವರು, ಎಂಜಿನಿಯರಿಂಗ್ ಓದುವ ಹುಡುಗರು, ಆಟದ ಹುಚ್ಚಿನವರು ಎಲ್ಲರಿಗೂ ಬೇಕಾಗಿರುವುದು ವಿಡಿಯೊಗಳಲ್ಲಿ ಕಾಣುವ ಪುಟ್ಟ ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಭಾಗಗಳನ್ನು ಕೂರಿಸುವ ಹೊರಡಬ್ಬಿ. ಆಸೆಯಲ್ಲಿ ತಪ್ಪಿಲ್ಲ. ಆದರೆ ಆ ವಿಡಿಯೊ ಮಾಡಿದವರ ಕೋಣೆಯಲ್ಲಿ ಎಸಿ ಇರುತ್ತದೆ, ಪಕ್ಕದ ಕೋಣೆಯಲ್ಲಿ ಮಗ್ಗ ಓಡುತ್ತಿರುವುದಿಲ್ಲ. ಈ ಎರಡು ವ್ಯತ್ಯಾಸಗಳನ್ನು ಮುಂದಿಟ್ಟುಕೊಂಡೇ ಕೆಳಗಿನ ಉತ್ತರಗಳನ್ನು ಬರೆದಿದ್ದೇನೆ.

ಎಷ್ಟು ಚಿಕ್ಕದಿದ್ದರೆ ಅದನ್ನು ಚಿಕ್ಕ ಕ್ಯಾಬಿನೆಟ್ ಎನ್ನಬೇಕು?

ಕ್ಯಾಬಿನೆಟ್ಟಿನ ಗಾತ್ರವನ್ನು ಲೀಟರಿನಲ್ಲಿ ಹೇಳುವ ರೂಢಿ ಇದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಕಾಣುವ 45 × 21 × 45 ಸೆಂ.ಮೀ. ಟವರ್ ಸುಮಾರು 42 ಲೀಟರ್ ಆಗುತ್ತದೆ. 20 ಲೀಟರಿನ ಒಳಗೆ ಬಂದರೆ ಚಿಕ್ಕದು ಎನ್ನುವುದು ಹವ್ಯಾಸಿಗಳ ಲೆಕ್ಕ. 2020ರಲ್ಲಿ ಬಂದ ಕೂಲರ್ ಮಾಸ್ಟರ್ ಎನ್‌ಆರ್200 ಎಂಬ ಕ್ಯಾಬಿನೆಟ್ 18.25 ಲೀಟರ್. ಫ್ರ್ಯಾಕ್ಟಲ್ ಟೆರಾ 10.4 ಲೀಟರ್. ಡ್ಯಾನ್ ಎ4 7.2 ಲೀಟರ್.

ಕಂಪನಿಗಳು ಹೇಳುವ ಲೀಟರಿನಲ್ಲಿ ಕೆಲವೊಮ್ಮೆ ಕಾಲುಗಳು ಮತ್ತು ಹೊರಗೆ ಚಾಚಿದ ಭಾಗಗಳು ಸೇರಿರುವುದಿಲ್ಲ. ಎನ್‌ಆರ್200ರ ಹೊರ ಅಳತೆ 376 × 185 × 292 ಮಿ.ಮೀ. ಗುಣಿಸಿ ನೋಡಿದರೆ 20 ಲೀಟರ್ ದಾಟುತ್ತದೆ. ಮೇಜಿನ ಮೇಲೆ ಜಾಗ ಹಿಡಿಯುವುದು ಹೊರ ಅಳತೆಯೇ ಹೊರತು ಜಾಹೀರಾತಿನ ಲೀಟರ್ ಅಲ್ಲ.

ನೀವು ಯಾವ ಗಾತ್ರ ಹೇಳುತ್ತೀರಿ?

ಗ್ರಾಫಿಕ್ಸ್ ಕಾರ್ಡ್ (ಆಟ, ವಿಡಿಯೊಗಳ ಚಿತ್ರ ಮೂಡಿಸುವ ಬಿಡಿ ಕಾರ್ಡ್) ಹಾಕುವುದಾದರೆ 15ರಿಂದ 27 ಲೀಟರಿನ ನಡುವೆ. ಕಾರ್ಡ್ ಬೇಡವೆಂದಾದರೆ ಎಷ್ಟು ಚಿಕ್ಕದಾದರೂ ನಡೆಯುತ್ತದೆ. ದೊಡ್ಡ ಕಾರ್ಡನ್ನು 10 ಲೀಟರಿನೊಳಗೆ ತುರುಕುವುದು ಒಂದು ಕಲೆ, ಅದನ್ನು ಒಪ್ಪುತ್ತೇನೆ. ನಮ್ಮ ಮೇ ತಿಂಗಳಲ್ಲಿ, ತಗಡಿನ ಮಾಳಿಗೆಯ ಕೆಳಗೆ, ದಿನಕ್ಕೆ ಹತ್ತು ತಾಸು ಕೆಲಸ ಮಾಡುವ ಯಂತ್ರಕ್ಕೆ ಆ ಕಲೆ ಬೇಡ.

ಮಿನಿ ಐಟಿಎಕ್ಸ್ ಮದರ್‌ಬೋರ್ಡ್ ತೆಗೆದುಕೊಳ್ಳಲೋ, ಮೈಕ್ರೊ ಎಟಿಎಕ್ಸ್ ತೆಗೆದುಕೊಳ್ಳಲೋ?

ಮದರ್‌ಬೋರ್ಡ್ ಅಂದರೆ ಉಳಿದ ಭಾಗಗಳೆಲ್ಲ ಜೋಡಿಕೊಳ್ಳುವ ಮುಖ್ಯ ಬೋರ್ಡ್. ಮಿನಿ ಐಟಿಎಕ್ಸ್ ಅಂದರೆ 170 × 170 ಮಿ.ಮೀ. ಬೋರ್ಡ್. 2001ರಲ್ಲಿ ವಿಯಾ ಕಂಪನಿ ತಂದ ಅಳತೆ ಇದು. ಮೈಕ್ರೊ ಎಟಿಎಕ್ಸ್ 244 × 244 ಮಿ.ಮೀ.ವರೆಗೆ ಇರುತ್ತದೆ. ಐಟಿಎಕ್ಸ್‌ನಲ್ಲಿ ಸಾಮಾನ್ಯವಾಗಿ ಎರಡು ರ‍್ಯಾಮ್ ಸ್ಲಾಟ್, ಒಂದೇ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್. ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಮೇಲೆ ಬೇರೇನೂ ಹಾಕುವ ಹಾಗಿಲ್ಲ.

ಅದೇ ಚಿಪ್‌ಸೆಟ್ ಇರುವ ಎರಡು ಬೋರ್ಡುಗಳನ್ನು ಹೋಲಿಸಿದರೆ ಐಟಿಎಕ್ಸ್ ದುಬಾರಿ, ಮೇಲಾಗಿ ನಮ್ಮ ಕಡೆಯ ಅಂಗಡಿಗಳಲ್ಲಿ ಅದರ ದಾಸ್ತಾನು ಇರುವುದೇ ಅಪರೂಪ. ಮೈಕ್ರೊ ಎಟಿಎಕ್ಸ್ ಎಲ್ಲೆಂದರಲ್ಲಿ ಸಿಗುತ್ತದೆ, ಕೆಟ್ಟರೆ ಬದಲಿ ಬೋರ್ಡ್ ಬೇಗ ಕೈಗೆ ಬರುತ್ತದೆ. ಲಿಯಾನ್ ಲಿ ಎ3ಯಂತಹ 26.3 ಲೀಟರಿನ ಕ್ಯಾಬಿನೆಟ್‌ಗಳು ಬಂದ ಮೇಲಂತೂ ಮೈಕ್ರೊ ಎಟಿಎಕ್ಸ್ ಎಂದರೆ ಬೃಹತ್ ಡಬ್ಬಿ ಎನ್ನುವ ಕಾಲ ಹೋಗಿದೆ. ಹಾಗಾಗಿ ಬಹಳ ಜನರಿಗೆ ನಾನು ಮೈಕ್ರೊ ಎಟಿಎಕ್ಸ್ ಕಡೆಗೇ ಬೆರಳು ತೋರಿಸುತ್ತೇನೆ. ಊರಿಂದ ಹಾಸ್ಟೆಲಿಗೆ, ಹಾಸ್ಟೆಲಿನಿಂದ ಊರಿಗೆ ಯಂತ್ರ ಹೊತ್ತು ತಿರುಗುವವರಿಗೆ ಐಟಿಎಕ್ಸ್ ಸರಿ.

ಮೊದಲು ಕ್ಯಾಬಿನೆಟ್ ಕೊಳ್ಳಬೇಕೋ, ಒಳಗಿನ ಭಾಗಗಳನ್ನೋ?

ಕಾಗದದ ಮೇಲೆ ಒಳಗಿನ ಭಾಗಗಳು ಮೊದಲು, ಹಣ ಕೊಡುವಾಗ ಎಲ್ಲವೂ ಒಟ್ಟಿಗೆ. ದೊಡ್ಡ ಟವರಿನಲ್ಲಿ ಯಾವ ಭಾಗ ತಂದರೂ ಒಂದಲ್ಲ ಒಂದು ರೀತಿ ಕೂರುತ್ತದೆ. ಚಿಕ್ಕದರಲ್ಲಿ ಐದು ಮಿ.ಮೀ. ಹೆಚ್ಚಾದರೂ ಬಾಗಿಲು ಮುಚ್ಚುವುದಿಲ್ಲ. ಒಂದು ಹಾಳೆಯಲ್ಲಿ ಐದು ಅಳತೆ ಬರೆದುಕೊಳ್ಳಿ: ಗ್ರಾಫಿಕ್ಸ್ ಕಾರ್ಡಿನ ಉದ್ದ, ಅಗಲ ಮತ್ತು ದಪ್ಪ, ಕೂಲರ್‌ನ (ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಕಳೆಯುವ ಭಾಗ) ಎತ್ತರ, ಎಸ್‌ಎಂಪಿಎಸ್‌ನ (ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಪೆಟ್ಟಿಗೆ) ಉದ್ದ. ಕ್ಯಾಬಿನೆಟ್ ಕಂಪನಿಯ ಪುಟದಲ್ಲಿ ಕೊಟ್ಟ ಮಿತಿಗಳ ಜೊತೆ ಅವನ್ನು ಸಾಲಾಗಿ ತಾಳೆ ನೋಡಿ. ಮಿತಿ 330 ಮಿ.ಮೀ. ಇದ್ದು ಕಾರ್ಡ್ 328 ಮಿ.ಮೀ. ಇದ್ದರೆ ಹಿಗ್ಗಬೇಡಿ. ಮುಂದೆ ಒಂದು ಫ್ಯಾನ್ ಹಾಕಿದರೆ ಅದರ ದಪ್ಪವೇ 25 ಮಿ.ಮೀ.

ನಮ್ಮ ಬೇಸಿಗೆಯನ್ನು ಚಿಕ್ಕ ಕ್ಯಾಬಿನೆಟ್ ತಡೆಯುತ್ತದೆಯೇ?

ತಡೆಯುತ್ತದೆ, ಆದರೆ ಲೆಕ್ಕ ಬೇರೆ. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಕೋಣೆಯ ಗಾಳಿಯನ್ನೇ ಒಳಗೆ ತಳ್ಳುತ್ತದೆ. ವಿಮರ್ಶೆಗಳನ್ನು ಸಾಮಾನ್ಯವಾಗಿ 20–25 ಡಿಗ್ರಿಯ ಕೋಣೆಯಲ್ಲಿ ಮಾಡುತ್ತಾರೆ. 22 ಡಿಗ್ರಿಯಲ್ಲಿ ಪ್ರೊಸೆಸರ್ 70 ಡಿಗ್ರಿ ತೋರಿಸಿದೆ ಎಂದು ಬರೆದಿದ್ದರೆ, 38 ಡಿಗ್ರಿಯ ನಮ್ಮ ಪಡಸಾಲೆಯಲ್ಲಿ ಅದೇ ಕೆಲಸಕ್ಕೆ ಸುಮಾರು 86 ಎಂದು ಓದಿಕೊಳ್ಳಬೇಕು. ಎಷ್ಟು ಡಿಗ್ರಿ ಕೋಣೆ ಹೆಚ್ಚು ಬಿಸಿಯೋ ಅಷ್ಟು ಡಿಗ್ರಿ ಒಳಗೂ ಹೆಚ್ಚು. ಎಎಂಡಿಯ ರೈಜನ್ 7000 ಸರಣಿಯ ಬಹುತೇಕ ಪ್ರೊಸೆಸರ್‌ಗಳ ಮಿತಿ 95 ಡಿಗ್ರಿ, ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳದ್ದು 100. ಆ ಗೆರೆ ಮುಟ್ಟಿದೊಡನೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಸುಟ್ಟುಹೋಗುವುದಿಲ್ಲ, ಆದರೆ ದುಡ್ಡು ಕೊಟ್ಟು ಕೊಂಡ ವೇಗ ಮಧ್ಯಾಹ್ನದ ಹೊತ್ತು ಸಿಗುವುದಿಲ್ಲ.

ಪ್ರೊಸೆಸರ್‌ಗಿಂತ ನನಗೆ ಹೆಚ್ಚು ಚಿಂತೆ ಎಸ್‌ಎಂಪಿಎಸ್‌ನದ್ದು. ಅದರೊಳಗಿನ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಎಲೆಕ್ಟ್ರಾನಿಕ್ಸ್‌ನವರು ಬಳಸುವ ಹಳೆಯ ಅಂದಾಜು. ಇಕ್ಕಟ್ಟಿನ ಕ್ಯಾಬಿನೆಟ್‌ನಲ್ಲಿ ಎಸ್‌ಎಂಪಿಎಸ್ ಗ್ರಾಫಿಕ್ಸ್ ಕಾರ್ಡ್ ಬಿಟ್ಟ ಬಿಸಿಯನ್ನೇ ಉಸಿರಾಡುತ್ತಿದ್ದರೆ ಅದು ಬೇಗ ಮುಪ್ಪಾಗುತ್ತದೆ. ಆದ್ದರಿಂದ ಎಸ್‌ಎಂಪಿಎಸ್‌ನ ಫ್ಯಾನ್ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುವಂತೆ, ಪಕ್ಕದ ಪ್ಯಾನೆಲ್‌ನಲ್ಲಿ ಅದರ ನೇರಕ್ಕೆ ತೂತುಗಳಿರುವ ಕ್ಯಾಬಿನೆಟ್ ಹುಡುಕಿ.

ಬಿಸಿಯನ್ನು ಹೊರಹಾಕುವುದಕ್ಕಿಂತ ಹುಟ್ಟದಂತೆ ಮಾಡುವುದು ಅಗ್ಗ. ರೈಜನ್ ಬೋರ್ಡುಗಳಲ್ಲಿ ಇಕೋ ಮೋಡ್ ಇರುತ್ತದೆ. 105 ವ್ಯಾಟ್‌ನ ಪ್ರೊಸೆಸರನ್ನು ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) 65 ವ್ಯಾಟ್‌ಗೆ ಇಳಿಸಿದರೆ ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ, ಬಿಸಿಯಲ್ಲಿ ಮಾತ್ರ ಎದ್ದು ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡಿಗೂ ವಿದ್ಯುತ್ ಮಿತಿ ಹಾಕಬಹುದು. ಕಾಸು ಖರ್ಚಿಲ್ಲದ ಈ ಉಪಾಯವನ್ನು ಮೊದಲು ಮಾಡಿ, ಆಮೇಲೆ ಹೆಚ್ಚುವರಿ ಫ್ಯಾನಿನ ಮಾತು.

ಮನೆಯಲ್ಲೇ ಪವರ್‌ಲೂಮ್ ಇದೆ. ಡಿಸೈನ್ ಮಾಡುವ ಕಂಪ್ಯೂಟರ್ ಅಲ್ಲೇ ಪಕ್ಕದ ಕೋಣೆಯಲ್ಲಿದೆ. ಯಾವ ಕ್ಯಾಬಿನೆಟ್?

ಈ ಭಾಗದಲ್ಲಿ ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ, ಅಂತರ್ಜಾಲದಲ್ಲಿ ಇದಕ್ಕೆ ಉತ್ತರ ಸಿಗುವುದು ಕಡಿಮೆ.

ಹೊಲದ ಮಣ್ಣಿನ ದೂಳು ಬೇರೆ, ಮಗ್ಗದ ದೂಳು ಬೇರೆ. ಕರಿಮಣ್ಣಿನ ದೂಳು ನುಣುಪು. ಅದು ಜಾಲರಿ ದಾಟಿ ಒಳಗೆ ಹೋಗಿ ಕೂಲರ್‌ನ ರೆಕ್ಕೆಗಳ ಮೇಲೆ ತೆಳುವಾಗಿ ಕೂರುತ್ತದೆ. ನೂಲಿನ ಎಳೆ ಹಾಗಲ್ಲ, ಜಾಲರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಎಳೆಗೆ ಇನ್ನೊಂದು ಹೆಣೆದುಕೊಂಡು ಕೆಲವೇ ವಾರಗಳಲ್ಲಿ ಜಾಲರಿಯ ಮೇಲೆ ಒಂದು ಪದರ ಬೆಳೆಯುತ್ತದೆ. ಉಗುರಿನಿಂದ ಅಂಚು ಎತ್ತಿದರೆ ಇಡೀ ಪದರ ಹಾಳೆಯ ಹಾಗೆ ಕಳಚಿ ಬರುತ್ತದೆ. ಅದರಲ್ಲಿ ಮೇಲುಗಡೆ ಕೆಂಪು, ಒಳಗಡೆ ಹಸಿರು ಇದ್ದರೆ ಮಗ್ಗದ ಮೇಲೆ ಹಸಿರು ಸೀರೆ ಮುಗಿದು ಕೆಂಪು ಸೀರೆ ಏರಿದೆ ಎಂದು ಅರ್ಥ. ಮಾಲಕರ ಲೆಕ್ಕದ ಪುಸ್ತಕಕ್ಕಿಂತ ಫಿಲ್ಟರ್ ಹೆಚ್ಚು ಪ್ರಾಮಾಣಿಕ ಎಂದು ಒಬ್ಬ ಗೆಳೆಯ ನಗೆಯಾಡುತ್ತಾನೆ. ಹಾಸಿನ ನೂಲಿಗೆ ಹಚ್ಚಿದ ಗಂಜಿಯೂ ಒಣಗಿ ಪುಡಿಯಾಗಿ ಹಾರುತ್ತದೆ. ಮಳೆಗಾಲದ ತೇವಕ್ಕೆ ಅದು ಅಂಟುಅಂಟಾಗಿ ಫ್ಯಾನಿನ ರೆಕ್ಕೆಗೆ ಹಿಡಿದುಕೊಳ್ಳುತ್ತದೆ.

ಇಲ್ಲಿ ಚಿಕ್ಕ ಕ್ಯಾಬಿನೆಟ್ ಸೋಲುವುದು ಏಕೆಂದರೆ ಅದರಲ್ಲಿ ಗಾಳಿ ಎಳೆಯುವ ಜಾಗವೇ ಕಡಿಮೆ. ದೊಡ್ಡ ಟವರಿನ ಮುಂಭಾಗ ಅರ್ಧ ಮುಚ್ಚಿಹೋದರೂ ಉಳಿದ ಅರ್ಧದಲ್ಲಿ ದಿನ ನೂಕಬಹುದು. ಪುಟ್ಟ ಜಾಲರಿ ಅರ್ಧ ಮುಚ್ಚಿದರೆ ಯಂತ್ರ ಏದುಸಿರು ಬಿಡುತ್ತದೆ.

ಆದ್ದರಿಂದ ಹೀಗೆ ನೋಡಿ ಕೊಳ್ಳಿ. ಫಿಲ್ಟರ್ ಹೊರಗಿನಿಂದಲೇ, ಸ್ಕ್ರೂ ಬಿಚ್ಚದೆ, ಒಂದು ಕೈಯಲ್ಲಿ ತೆಗೆಯಲು ಬರಬೇಕು. ಅಂಗಡಿಯಲ್ಲೇ ತೆಗೆದು ಹಾಕಿ ನೋಡಿ. ಕೆಳಗಿನ ಫಿಲ್ಟರ್ ತೆಗೆಯಲು ಕ್ಯಾಬಿನೆಟ್ ಮಗುಚಬೇಕಾದರೆ ನೀವು ಅದನ್ನು ಎಂದೂ ತೆಗೆಯುವುದಿಲ್ಲ, ನನಗೆ ಗೊತ್ತು. ಬರಿಯ ತೂತಿನ ಲೋಹದ ಪ್ಯಾನೆಲ್ ಇದ್ದು ಫಿಲ್ಟರ್ ಇಲ್ಲದಿದ್ದರೆ ಅಂಚಿಗೆ ಅಯಸ್ಕಾಂತ ಇರುವ ನೈಲಾನ್ ಜಾಲರಿಯನ್ನು ಹೊರಗಿನಿಂದ ಅಂಟಿಸಿ. ಪ್ಯಾನೆಲ್ ಅಲ್ಯೂಮಿನಿಯಂ ಆದರೆ ಅಯಸ್ಕಾಂತ ಹಿಡಿಯುವುದಿಲ್ಲ, ಇದನ್ನು ಮುಂಚೆಯೇ ವಿಚಾರಿಸಿ. ಒಳಗೆ ಎಳೆಯುವ ಫ್ಯಾನ್‌ಗಳು ಹೊರಗೆ ದೂಡುವ ಫ್ಯಾನ್‌ಗಳಿಗಿಂತ ಹೆಚ್ಚಿರಲಿ. ಆಗ ಸಂದುಗೊಂದುಗಳಿಂದ ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದೆಲ್ಲ ಫಿಲ್ಟರ್ ದಾಟಿಯೇ ಬರುತ್ತದೆ. ಕ್ಯಾಬಿನೆಟ್ ನೆಲದ ಮೇಲೆ ಬೇಡ, ಮೇಜಿನ ಮೇಲಿರಲಿ, ಏಕೆಂದರೆ ಎಳೆಗಳು ಕೊನೆಗೆ ಬಂದು ಸೇರುವುದು ನೆಲಕ್ಕೇ.

ಪಕ್ಕದ ಕೋಣೆಯಲ್ಲ, ಮಗ್ಗದ ಕೋಣೆಯಲ್ಲೇ ಇಡಬೇಕು ಎನ್ನುವುದಾದರೆ ಚಿಕ್ಕ ಕ್ಯಾಬಿನೆಟ್‌ನ ಯೋಚನೆ ಬಿಟ್ಟುಬಿಡಿ.

ಚೊಕ್ಕ ಮಾಡುವುದು ಹೇಗೆ? ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬಹುದೇ?

ಬೇಡ. ಆ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಹನಿ, ಎಣ್ಣೆಯ ಅಂಶ ಎರಡೂ ಇರುತ್ತವೆ, ಒತ್ತಡವೂ ಅತಿ. ಮನೆಯ ಸಣ್ಣ ಬ್ಲೋವರ್ ಸಾಕು. ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಫಿಲ್ಟರನ್ನು ನಲ್ಲಿಯಡಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಮಗ್ಗದ ಮನೆಯಲ್ಲಿ ವಾರಕ್ಕೊಮ್ಮೆ ಫಿಲ್ಟರ್, ಬೇರೆ ಮನೆಗಳಲ್ಲಿ ತಿಂಗಳಿಗೊಮ್ಮೆ.

ಗೋಡೆಯಲ್ಲಿ ಮಾಡ ಇದೆ, ಚಿಕ್ಕ ಕ್ಯಾಬಿನೆಟ್ ಅದರಲ್ಲಿ ಅಚ್ಚುಕಟ್ಟಾಗಿ ಕೂರುತ್ತದಲ್ಲ?

ಕೂರುತ್ತದೆ, ನೋಡಲೂ ಚೆಂದ. ಆದರೆ ಹಳೆಯ ಮನೆಯ ದಪ್ಪ ಗೋಡೆಯ ಮಾಡಕ್ಕೆ ಒಂದೇ ಬಾಯಿ. ಹಿಂದೆ ಬಿಟ್ಟ ಬಿಸಿಗಾಳಿ ಗೋಡೆಗೆ ಬಡಿದು ಮುಂದೆ ಬಂದು ಮತ್ತೆ ಒಳಗೇ ಹೋಗುತ್ತದೆ. ಕಾರ್ಡ್ ಇಲ್ಲದ ಸಣ್ಣ ಯಂತ್ರವನ್ನು ಇಡಿ, ಅಡ್ಡಿಯಿಲ್ಲ. ಗ್ರಾಫಿಕ್ಸ್ ಕಾರ್ಡ್ ಇರುವುದನ್ನು ಇಡಬೇಡಿ. ಬಾಗಿಲು ಮುಚ್ಚುವ ಕಪಾಟಿಗೂ ಇದೇ ಮಾತು. ಮೇಜಿನ ಮೇಲಿಟ್ಟರೂ ಗಾಳಿ ಆಡುವ ಬದಿಗಳಲ್ಲಿ ನಾಲ್ಕು ಬೆರಳಿನಷ್ಟಾದರೂ ಜಾಗ ಬಿಡಿ. ಮೇಲೆ ಕಸೂತಿ ವಸ್ತ್ರ ಹೊದಿಸುವ ಅಭ್ಯಾಸ ಟಿವಿಯ ಕಾಲದಿಂದ ಬಂದಿದೆ. ಕೆಲಸ ಮಾಡುವ ಹೊತ್ತಿನಲ್ಲಿ ಅದನ್ನು ತೆಗೆದಿಡಿ.

ಎಸ್‌ಎಂಪಿಎಸ್ ಯಾವ ಅಳತೆಯದು ಬೇಕು?

ಮೂರು ಅಳತೆಗಳನ್ನು ನೆನಪಿಟ್ಟರೆ ಸಾಕು. ಎಲ್ಲೆಡೆ ಸಿಗುವ ಎಟಿಎಕ್ಸ್: 150 × 86 ಮಿ.ಮೀ., ಉದ್ದ 140 ಅಥವಾ ಅದಕ್ಕಿಂತ ಹೆಚ್ಚು. ಎಸ್‌ಎಫ್‌ಎಕ್ಸ್: 125 × 63.5 × 100. ಎಸ್‌ಎಫ್‌ಎಕ್ಸ್-ಎಲ್: ಅದೇ ಆದರೆ ಉದ್ದ 130.

ಊರಿನ ಲೆಕ್ಕದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅಳತೆಯಲ್ಲ. ಸಂಜೆ ಗುಡುಗು ಮಳೆಯಲ್ಲಿ ಕರೆಂಟು ಹೋಗಿ ಬಂದು ಎಟಿಎಕ್ಸ್ ಎಸ್‌ಎಂಪಿಎಸ್ ಸತ್ತರೆ ಮರುದಿನ ಜಮಖಂಡಿಯಲ್ಲೋ ಬಾಗಲಕೋಟೆಯಲ್ಲೋ ಇನ್ನೊಂದು ಸಿಗುತ್ತದೆ. ಎಸ್‌ಎಫ್‌ಎಕ್ಸ್ ಸತ್ತರೆ ಬೆಂಗಳೂರಿನಿಂದಲೋ ಪುಣೆಯಿಂದಲೋ ಪಾರ್ಸೆಲ್ ಬರುವ ತನಕ ಕೆಲಸ ನಿಲ್ಲುತ್ತದೆ. ಡಿಸೈನ್ ಕೊಡುವುದು ಎರಡು ದಿನ ತಡವಾದರೆ ಮಗ್ಗವೂ ಖಾಲಿ ನಿಲ್ಲುತ್ತದೆ. ಕಂಪ್ಯೂಟರ್ ಹೊಟ್ಟೆಪಾಡಿನ ಸಾಧನವಾಗಿದ್ದರೆ ಎಟಿಎಕ್ಸ್ ಎಸ್‌ಎಂಪಿಎಸ್ ಹಿಡಿಯುವ ಚಿಕ್ಕ ಕ್ಯಾಬಿನೆಟ್ ಆರಿಸಿ, ನಾಲ್ಕೈದು ಲೀಟರ್ ಹೆಚ್ಚಾದರೆ ಆಗಲಿ.

ಎಟಿಎಕ್ಸ್ ಹಾಕುವುದಾದರೆ ಕೇಬಲ್ ಕಳಚಲು ಬರುವ ಮಾಡ್ಯುಲರ್ ಮಾದರಿ ಕೊಳ್ಳಿ, ಉದ್ದ 140 ಮಿ.ಮೀ. ಮೀರದಿರಲಿ. ಬೇಡದ ಕೇಬಲ್‌ಗಳ ಗಂಟನ್ನು ಬಚ್ಚಿಡಲು ಚಿಕ್ಕ ಕ್ಯಾಬಿನೆಟ್‌ನಲ್ಲಿ ಮೂಲೆಯೇ ಇರುವುದಿಲ್ಲ. 24 ಪಿನ್ನಿನ ಮುಖ್ಯ ಕೇಬಲ್ ಬಹಳ ಸೆಟೆದಿರುತ್ತದೆ. ಅದನ್ನು ಬೋರ್ಡಿಗೆ ಚುಚ್ಚಿದ ಮೇಲೆ ತಿರುವಲು ಹೋದರೆ ಬೋರ್ಡೇ ಬಾಗುತ್ತದೆ. ಚುಚ್ಚುವ ಮೊದಲೇ ಕೈಯಲ್ಲಿ ಹಿಡಿದು ಬೇಕಾದ ಬಾಗು ಕೊಟ್ಟುಕೊಳ್ಳಿ. 65 ವ್ಯಾಟ್ ಪ್ರೊಸೆಸರ್, ಮಧ್ಯಮ ದರ್ಜೆಯ ಒಂದು ಕಾರ್ಡ್ ಇರುವ ಯಂತ್ರಕ್ಕೆ 550ರಿಂದ 650 ವ್ಯಾಟ್ ಸಾಕು.

ಮನೆಯ ಇನ್ವರ್ಟರ್ ಇದೆ, ಬೇರೆ ಯುಪಿಎಸ್ ಬೇಕೇ?

ಎಟಿಎಕ್ಸ್ ಮಾನದಂಡದ ಪ್ರಕಾರ ಕರೆಂಟು ಹೋದ ಮೇಲೆ ಎಸ್‌ಎಂಪಿಎಸ್ ಸುಮಾರು 16–17 ಮಿಲಿಸೆಕೆಂಡ್ ತಡೆದುಕೊಳ್ಳಬೇಕು. ಸಾಮಾನ್ಯ ಮೋಡ್‌ನಲ್ಲಿಟ್ಟ ಇನ್ವರ್ಟರ್ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಬ್ಯಾಟರಿಗೆ ಬದಲಾಗಬಹುದು, ಕಂಪ್ಯೂಟರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇನ್ವರ್ಟರ್ ಹಿಂದೆ ಯುಪಿಎಸ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿ ನೋಡಿ. ಅದರಲ್ಲೂ ಆಗದಿದ್ದರೆ ಯುಪಿಎಸ್ ಕೊಳ್ಳಿ. ಇಂದಿನ ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ ಶುದ್ಧ ಸೈನ್ ವೇವ್ (ಲೈನಿನ ಕರೆಂಟಿನಂತೆ ನುಣುಪಾದ ಅಲೆ) ಕೊಡುವ ಯುಪಿಎಸ್ ಹೊಂದಿಕೊಳ್ಳುತ್ತದೆ. ಅಗ್ಗದವುಗಳ ಜೊತೆ ಕೆಲವು ಎಸ್‌ಎಂಪಿಎಸ್‌ಗಳು ಬದಲಾಗುವ ಕ್ಷಣದಲ್ಲಿ ಆರಿಹೋಗುತ್ತವೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಕ್ಯಾಬಿನೆಟ್ ಕೆಟ್ಟಿದೆಯೇ?

ಬಹುಮಟ್ಟಿಗೆ ಕ್ಯಾಬಿನೆಟ್ ಅಲ್ಲ, ಮನೆಯ ಅರ್ಥಿಂಗ್ ಕೆಟ್ಟಿರುತ್ತದೆ, ಅಥವಾ ಇರುವುದೇ ಇಲ್ಲ. ಎಸ್‌ಎಂಪಿಎಸ್‌ನ ಒಳಗೆ ವಿದ್ಯುತ್ತಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳು ಲೋಹದ ಮೈಗೆ ಜೋಡಿಸಿರುತ್ತವೆ. ಅವುಗಳಿಂದ ಹರಿಯುವ ಅತಿ ಚಿಕ್ಕ ಕರೆಂಟು ಅರ್ಥ್ ತಂತಿಯಲ್ಲಿ ಭೂಮಿಗೆ ಹೋಗಬೇಕು. ಆ ದಾರಿ ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು ವೋಲ್ಟೇಜು ಕ್ಯಾಬಿನೆಟ್ ಮೈಮೇಲೆ ನಿಂತು, ಬರಿಗಾಲಲ್ಲಿ ಮುಟ್ಟಿದವರಿಗೆ ಚುರುಗುಟ್ಟುತ್ತದೆ. ಪೂರ್ತಿ ಅಲ್ಯೂಮಿನಿಯಂ ಮೈಯ ಪುಟ್ಟ ಕ್ಯಾಬಿನೆಟ್‌ಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಮೂರು ಪಿನ್ನನ್ನು ಎರಡು ಪಿನ್ನು ಮಾಡುವ ಅಡಾಪ್ಟರ್ ಬಳಸುತ್ತಿದ್ದರೆ ಇಂದೇ ಬಿಡಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ನಮ್ಮ ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ಬಿರಿದಿರುತ್ತದೆ, ಆಗಾಗ ನೀರು ಹಾಕಬೇಕು. ಚುರುಗುಟ್ಟುವುದಲ್ಲದೆ ಜೋರಾಗಿ ಹೊಡೆದರೆ ಅದು ಬೇರೆ ದೋಷ, ತಕ್ಷಣ ಪ್ಲಗ್ ಕಿತ್ತು ತೋರಿಸಿ.

ನನ್ನ ಗ್ರಾಫಿಕ್ಸ್ ಕಾರ್ಡ್ ಹಿಡಿಯುತ್ತದೆಯೇ?

ಉದ್ದವನ್ನು ಎಲ್ಲರೂ ನೋಡುತ್ತಾರೆ, ದಪ್ಪ ಮತ್ತು ಅಗಲವನ್ನು ಮರೆಯುತ್ತಾರೆ. ಒಂದು ಸ್ಲಾಟ್ ಎಂದರೆ 20.32 ಮಿ.ಮೀ. ಎರಡು ಸ್ಲಾಟಿನ ಕ್ಯಾಬಿನೆಟ್‌ಗೆ ಎರಡೂವರೆ ಸ್ಲಾಟಿನ ಕಾರ್ಡ್ ಕೂರುವುದಿಲ್ಲ. ಕೂತರೂ ಅದರ ಫ್ಯಾನ್ ಪ್ಯಾನೆಲ್‌ಗೆ ತಾಗಿ ಗಾಳಿ ಸಿಗುವುದಿಲ್ಲ. ಅಗಲದ ಅಳತೆಗೆ ಪವರ್ ಕನೆಕ್ಟರಿನ ಎತ್ತರವನ್ನೂ ಸೇರಿಸಬೇಕು. ಹೊಸ 16 ಪಿನ್ನಿನ ಕನೆಕ್ಟರ್ ಇದ್ದರೆ ಕೇಬಲ್ ಮೊದಲ 35 ಮಿ.ಮೀ. ತನಕ ಬಾಗದೆ ನೇರವಾಗಿ ಹೋಗಬೇಕೆಂಬ ಸಲಹೆಯಿದೆ. ಕಿರಿದಾದ ಕ್ಯಾಬಿನೆಟ್‌ನಲ್ಲಿ ಬಾಗಿಲು ಹಾಕುವಾಗ ಕೇಬಲ್ಲನ್ನು ಒತ್ತಿ ಮುರಿಯುವಂತೆ ಬಾಗಿಸುವುದು ಬೆಂಕಿಗೆ ಕರೆ ಕಳಿಸಿದಂತೆ.

ಹತ್ತು ಲೀಟರಿನ ಆಸುಪಾಸಿನ ಹಲವು ಕ್ಯಾಬಿನೆಟ್‌ಗಳಲ್ಲಿ ಬೋರ್ಡ್ ಒಂದು ಬದಿ, ಕಾರ್ಡ್ ಇನ್ನೊಂದು ಬದಿ, ನಡುವೆ ಎರಡನ್ನೂ ಜೋಡಿಸುವ ರೈಸರ್ ಕೇಬಲ್ ಇರುತ್ತದೆ. ಪರದೆ ಕಪ್ಪಾಗಿಯೇ ಉಳಿದರೆ, ಆಡುವಾಗ ತಟಕ್ಕನೆ ಆರಿದರೆ ಮೊದಲು ಅನುಮಾನಿಸಬೇಕಾದ್ದು ಈ ರೈಸರನ್ನೇ. ಪಿಸಿಐ ಎಕ್ಸ್‌ಪ್ರೆಸ್‌ನ ಮೂರನೇ ತಲೆಮಾರಿನ (ಜೆನ್ 3) ರೈಸರ್ ಇದ್ದು ಬೋರ್ಡ್ ಮತ್ತು ಕಾರ್ಡ್ ನಾಲ್ಕನೆಯದಾಗಿದ್ದರೆ ಬಯಾಸ್‌ನಲ್ಲಿ ಆ ಸ್ಲಾಟನ್ನು ಜೆನ್ 3 ಎಂದು ಇಳಿಸಿ.

ಕೂಲರ್ ಎಷ್ಟು ಎತ್ತರದ್ದು?

ಪ್ರೊಸೆಸರ್ ಡಬ್ಬಿಯಲ್ಲಿ ಬರುವ ಎಎಂಡಿಯ ರೈತ್ ಸ್ಟೆಲ್ತ್ 54 ಮಿ.ಮೀ. ನಾಕ್ಚುವಾ ಎನ್‌ಎಚ್-ಎಲ್9ಎ, ಎಲ್9ಐ 37, ಎಲ್12ಎಸ್ 70. 120 ಮಿ.ಮೀ. ಫ್ಯಾನಿನ ಗೋಪುರದಂತಹ ಕೂಲರ್‌ಗಳು 155–160ರ ಸುತ್ತಮುತ್ತ. ಗೋಪುರ ಹಿಡಿಯುವ ಚಿಕ್ಕ ಕ್ಯಾಬಿನೆಟ್ ಸಿಕ್ಕರೆ ನಮ್ಮ ಹವೆಗೆ ಅದೇ ಉತ್ತಮ. 37 ಮಿ.ಮೀ.ನದನ್ನು 65 ವ್ಯಾಟ್‌ಗಿಂತ ಹೆಚ್ಚಿನ ಪ್ರೊಸೆಸರ್ ಮೇಲೆ ಇಡುವ ಧೈರ್ಯವನ್ನು ಬೇಸಿಗೆಯಲ್ಲಿ ಮಾಡಬೇಡಿ. ಎತ್ತರದ ರ‍್ಯಾಮ್ ಕೊಂಡರೆ ಅಡ್ಡಡ್ಡ ಕೂರುವ ಕೂಲರ್‌ಗಳಿಗೆ ಅದು ಅಡ್ಡ ಬರುತ್ತದೆ. ತಗ್ಗಿನ ರ‍್ಯಾಮ್ ಕೊಳ್ಳಿ.

ವಾಟರ್ ಕೂಲಿಂಗ್?

ಜಾಗ ಉಳಿಯುವುದು ನಿಜ. ಆದರೆ ನೀರು ತಂಪಾಗುವುದೂ ಅದೇ 38 ಡಿಗ್ರಿಯ ಗಾಳಿಯಿಂದ, ಅದರಲ್ಲಿ ಪವಾಡವಿಲ್ಲ. ಪಂಪ್ ಕೆಟ್ಟರೆ ಇಲ್ಲಿ ರಿಪೇರಿಯೂ ಇಲ್ಲ. ಹಾಕಲೇಬೇಕೆಂದಿದ್ದರೆ ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ, ಇಲ್ಲವಾದರೆ ಗಾಳಿಗುಳ್ಳೆ ಪಂಪಿನಲ್ಲಿ ಸೇರಿಕೊಳ್ಳುತ್ತದೆ.

ಗಾಜಿನ ಪ್ಯಾನೆಲ್ ಚೆಂದವಲ್ಲವೇ?

ಚೆಂದ. ಅಲ್ಲಿಂದ ಗಾಳಿ ಹೋಗುವುದಿಲ್ಲ. ಜಾಲರಿಯದನ್ನೇ ಕೊಳ್ಳಿ.

ಸದ್ದು ಹೆಚ್ಚೇ?

ಚಿಕ್ಕ ಫ್ಯಾನ್ ಅದೇ ಪ್ರಮಾಣದ ಗಾಳಿಗೆ ಹೆಚ್ಚು ವೇಗವಾಗಿ ತಿರುಗಬೇಕು, ಹಾಗಾಗಿ ಸದ್ದು ಹೆಚ್ಚು. 120 ಮಿ.ಮೀ. ಫ್ಯಾನ್ ಹಿಡಿಯುವ ಕ್ಯಾಬಿನೆಟ್ ಆರಿಸಿದರೆ ತೊಂದರೆ ಬಹುಪಾಲು ತೀರುತ್ತದೆ. ಪವರ್‌ಲೂಮ್ ಓಡುವ ಓಣಿಯಲ್ಲಿ ಕಂಪ್ಯೂಟರಿನ ಫ್ಯಾನ್ ಸದ್ದಿನ ಬಗ್ಗೆ ಚಿಂತಿಸುವವರನ್ನು ಕಂಡರೆ ನನಗೆ ಅಚ್ಚರಿ.

ಮಗಳ ಓದಿಗೆ, ಅಂಗಡಿಯ ಲೆಕ್ಕಕ್ಕೆ ಬೇಕು. ಆಟವಿಲ್ಲ. ಆಗಲೂ ಇಷ್ಟೆಲ್ಲ ನೋಡಬೇಕೇ?

ಬೇಡ. ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5600ಜಿ ತರಹದ 65 ವ್ಯಾಟ್ ಪ್ರೊಸೆಸರ್, ಎಂ.2 ಎಸ್‌ಎಸ್‌ಡಿ, ಅಷ್ಟೇ. ಅಸ್‌ರಾಕ್ ಡೆಸ್ಕ್‌ಮಿನಿ ಎಕ್ಸ್300 ನಂತಹ ಪುಟ್ಟ ಯಂತ್ರ 155 × 155 × 80 ಮಿ.ಮೀ., ಎರಡು ಲೀಟರಿಗೂ ಕಡಿಮೆ. ಲ್ಯಾಪ್‌ಟಾಪ್ ತರಹದ 19 ವೋಲ್ಟ್ ಅಡಾಪ್ಟರಿನಲ್ಲಿ ಓಡುತ್ತದೆ, ಸಣ್ಣ ಯುಪಿಎಸ್ ಮೇಲೂ ಸಾಕಷ್ಟು ಹೊತ್ತು ನಿಲ್ಲುತ್ತದೆ. ದೂಳು ಎಳೆಯುವುದೂ ಕಡಿಮೆ. ಕಾರ್ಡ್ ಬೇಡದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಕಚೇರಿಗಳಿಂದ ಬಂದ ಹಳೆಯ ಪುಟ್ಟ ಕಂಪ್ಯೂಟರ್‌ಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳ ಕ್ಯಾಬಿನೆಟ್ ಬಳಸಿಕೊಳ್ಳಬಹುದೇ?

ಯಂತ್ರವನ್ನು ಇದ್ದ ಹಾಗೇ ಬಳಸಿ, ಒಳ್ಳೆಯ ಸೌದಾ. ಲೆನೊವೊ ಥಿಂಕ್‌ಸೆಂಟರ್ ಟೈನಿ ತರಹದವು ಒಂದು ಲೀಟರಿನ ಆಸುಪಾಸಿನಲ್ಲಿದ್ದು ಗಟ್ಟಿಮುಟ್ಟಾಗಿವೆ. ಡಬ್ಬಿ ಮಾತ್ರ ಇಟ್ಟುಕೊಂಡು ಒಳಗೆ ಬೇರೆ ಬೋರ್ಡ್ ಹಾಕುವ ಯೋಚನೆ ಫಲಿಸುವುದಿಲ್ಲ. ಬೋರ್ಡು, ವಿದ್ಯುತ್ ಜೋಡಣೆ, ಮುಂದಿನ ಬಟನ್ನಿನ ಕನೆಕ್ಟರ್ ಎಲ್ಲವೂ ಆಯಾ ಕಂಪನಿಯ ಸ್ವಂತ ಅಳತೆಯವು.

ಎಲ್ಲಿ ಕೊಳ್ಳಬೇಕು?

ಸಾಧಾರಣ ಮೈಕ್ರೊ ಎಟಿಎಕ್ಸ್ ಕ್ಯಾಬಿನೆಟ್ ಆದರೆ ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರ, ಸೊಲ್ಲಾಪುರಗಳಲ್ಲಿ ಕೇಳಿ ನೋಡಿ. ಕೈಯಿಂದ ಮುಟ್ಟಿ ನೋಡುವ ಲಾಭವೇ ಬೇರೆ. ಪಕ್ಕದ ಪ್ಯಾನೆಲ್ಲಿನ ನಡುವೆ ಹೆಬ್ಬೆರಳಿನಿಂದ ಒತ್ತಿ. ತಗಡು ಒಳಹೋಗಿ ಟಪ್ಪೆಂದರೆ ಅದು ತೀರಾ ತೆಳುವು, ಫ್ಯಾನ್ ಓಡುವಾಗ ಗುಂಯ್‌ಗುಡುತ್ತದೆ. ಒಳಗಿನ ಅಂಚುಗಳನ್ನು ಬೆರಳಾಡಿಸಿ ನೋಡುವುದಾದರೆ ನಿಧಾನ, ಅಗ್ಗದ ಕ್ಯಾಬಿನೆಟ್‌ನ ಅಂಚು ಬ್ಲೇಡಿನಷ್ಟು ಹರಿತ. ಮುಂದಿನ ಟೈಪ್-ಸಿ ಪೋರ್ಟಿಗೆ ನಿಮ್ಮ ಬೋರ್ಡಿನಲ್ಲಿ ಜೋಡಣೆ ಇದೆಯೇ ಎಂದೂ ನೋಡಿ, ಇಲ್ಲದಿದ್ದರೆ ಅದು ಅಲಂಕಾರಕ್ಕಷ್ಟೆ.

ಐಟಿಎಕ್ಸ್ ಕ್ಯಾಬಿನೆಟ್ ಬೇಕಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಅಥವಾ ಆನ್‌ಲೈನ್. ಪಾರ್ಸೆಲ್ ಬಂದಾಗ ಡಬ್ಬಿ ಒಡೆಯುವುದರಿಂದ ಹಿಡಿದು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿ. ಮೂಲೆ ನಜ್ಜುಗುಜ್ಜಾಗಿದ್ದರೆ ಬದಲಿ ಕೇಳಲು ಅದೇ ಆಧಾರ. ಜೋಡಿಸಿದ ಯಂತ್ರವನ್ನು ಬಸ್ಸಿನಲ್ಲಿ ಒಯ್ಯುವುದಾದರೆ ಭಾರದ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಿ. ನಮ್ಮ ರಸ್ತೆಗಳ ಕುಲುಕಾಟ ಸ್ಲಾಟಿಗೆ ಒಳ್ಳೆಯದಲ್ಲ.

ಹಲ್ಲಿ, ಜಿರಳೆ, ಇಲಿ ಒಳಗೆ ಹೋಗುತ್ತವೆಯೇ?

ಹೋಗುತ್ತವೆ. ಒಳಗೆ ಬೆಚ್ಚಗಿರುತ್ತದೆ. ಹಿಂಭಾಗದಲ್ಲಿ ಬಳಸದ ಸ್ಲಾಟಿನ ತಗಡಿನ ಪಟ್ಟಿಯನ್ನು ಎಸೆಯಬೇಡಿ, ಹಾಕಿಯೇ ಇಡಿ. ಬೋರ್ಡಿನ ಜೊತೆ ಬರುವ ಹಿಂದಿನ ತಗಡಿನ ಕವಚವನ್ನೂ ಮರೆಯದೆ ಕೂರಿಸಿ.

ಬಿಸಿ ಹೆಚ್ಚಾದಾಗ ಪ್ಯಾನೆಲ್ ತೆಗೆದಿಟ್ಟು ಓಡಿಸಿದರೆ ಆಗದೇ?

ಒಂದು ಪರೀಕ್ಷೆಯಾಗಿ ಮಾಡಿ. ಭಾರದ ಕೆಲಸ ಕೊಟ್ಟು ಅರ್ಧ ತಾಸು ಮುಚ್ಚಿ ಓಡಿಸಿ, ಅರ್ಧ ತಾಸು ತೆರೆದು ಓಡಿಸಿ, ಎರಡೂ ಸಲ ಡಿಗ್ರಿ ಬರೆದುಕೊಳ್ಳಿ. ಐದು ಡಿಗ್ರಿಯೊಳಗೆ ವ್ಯತ್ಯಾಸವಿದ್ದರೆ ಕ್ಯಾಬಿನೆಟ್ ಸರಿಯಾಗಿದೆ, ಬಿಸಿ ಕೋಣೆಯದು. ಹತ್ತಕ್ಕಿಂತ ಹೆಚ್ಚಿದ್ದರೆ ಗಾಳಿಯ ದಾರಿ ಎಲ್ಲೋ ಕಟ್ಟಿಕೊಂಡಿದೆ: ಫಿಲ್ಟರ್, ಕೇಬಲ್ಲಿನ ಗಂಟು, ತಿರುಗುಮುರುಗಾಗಿ ಕೂರಿಸಿದ ಫ್ಯಾನ್, ಈ ಕ್ರಮದಲ್ಲಿ ಹುಡುಕಿ. ಪರೀಕ್ಷೆ ಮುಗಿದೊಡನೆ ಪ್ಯಾನೆಲ್ ಮುಚ್ಚಿ. ಮಗ್ಗದ ಮನೆಯಲ್ಲಿ ತೆರೆದಿಟ್ಟ ಯಂತ್ರದ ಕೂಲರ್ ಮೇಲೆ ಸೀರೆಯ ಬಣ್ಣ ಏರಲು ಬಹಳ ದಿನ ಬೇಕಿಲ್ಲ.